ಗಿರಾಕಿಗಳ ಮುಖದಲ್ಲಿ ಕಲಿತ ಇಂಗ್ಲಿಷ್

ಹೋಟೆಲಿನವರ ಮನೆಯಲ್ಲಿ ಯಾರಿಗೂ ಒಂದು ಕೆಲಸವನ್ನು ಗುಟ್ಟಾಗಿ ಮಾಡಲಿಕ್ಕೆ ಆಗುವುದಿಲ್ಲ. ಜ್ವರ, ಜಗಳ, ಮದುವೆ, ಪರೀಕ್ಷೆ, ಎಲ್ಲವೂ ಗಿರಾಕಿಗಳ ಕಣ್ಣೆದುರಿಗೇ ಆಗಬೇಕು. ಆಮೇಲೆ ಅವರು ತಲೆಗೊಂದು ಸಲಹೆ ಕೊಡಬೇಕು, ಆ ಸಲಹೆಯಿಂದ ಇನ್ನೊಂದು ಎಡವಟ್ಟು ಹುಟ್ಟಬೇಕು. ಈ ವರ್ಷದ ಎಡವಟ್ಟುಗಳೆಲ್ಲ ಸಾಲಾಗಿ ನನ್ನ ಪಾಲಿಗೇ ಬಂದವು.

ನಮ್ಮದು ಚೆನ್ನೈಯ ಪ್ಯಾರೀಸ್ ಕಾರ್ನರಿನ ಒಂದು ಗಲ್ಲಿಯಲ್ಲಿರುವ ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ಅಜ್ಜ ಶುರು ಮಾಡಿದ್ದು. ಈಗ ಅಪ್ಪಯ್ಯ ಗಲ್ಲಾದಲ್ಲಿ ಕೂರುತ್ತಾರೆ. ಮೇಲಿನ ಮಹಡಿಯಲ್ಲಿ ಮನೆ. ನಾನು ಹೋಟೆಲಿನ ಕೆಲಸಕ್ಕೆ ಕೈಗೆ ಸಿಗದ ಮಗಳು. ಮಣಲಿಯ ಒಂದು ಲ್ಯಾಬಿನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಣ್ಣೂರಿನ ಕಡೆ ವಿದ್ಯುತ್ ಸ್ಥಾವರಗಳಿಂದ ಹಾರಿ ಮನೆಗಳ ತಾರಸಿಯ ಮೇಲೆ ಬೀಳುವ ಬೂದಿ, ಧೂಳು ಗುಡಿಸಿ, ಡಬ್ಬಿಗೆ ತುಂಬಿ ತಂದು ಕೊಡುವುದು ನನ್ನ ಕೆಲಸ. ವರದಿಯ ಕೊನೆಯಲ್ಲಿ ಸಹಿಗೆ ಎರಡು ಗೆರೆ ಇರುತ್ತವೆ. ಮೇಲಿನದು 'ಸ್ಯಾಂಪಲ್ ತಂದವರು', ಕೆಳಗಿನದು 'ಪರೀಕ್ಷಿಸಿ ಅಭಿಪ್ರಾಯ ಕೊಟ್ಟವರು'. ಆರು ವರ್ಷವೂ ನನ್ನ ಸಹಿ ಮೇಲಿನ ಗೆರೆಯಲ್ಲೇ ಉಳಿದಿದೆ. ಕೆಳಗಿನ ಗೆರೆಗೆ ಇಳಿಯಬೇಕಾದರೆ ದೊಡ್ಡ ಡಿಗ್ರಿ ಬೇಕು. ಅಭಿಪ್ರಾಯ ನನಗೂ ಉಂಟು ಮಾರಾಯ್ರೆ, ಬೇಕಾದಷ್ಟು ಉಂಟು. ಕೇಳುವವರಿಲ್ಲ ಅಷ್ಟೆ.

ಸಿಂಗಪುರದ ಒಂದು ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ಆ ಡಿಗ್ರಿಗೆ ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದರು. ಒಂದೇ ಷರತ್ತು: ವಿದೇಶದಲ್ಲಿ ಓದುವವರು ಬರೆಯುವ ಜಿ.ಆರ್.ಇ. ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ನೂರೆಪ್ಪತ್ತಕ್ಕೆ ನೂರೈವತ್ತೈದು ಬರಬೇಕು. ಲೆಕ್ಕದ ಭಾಗ ನನಗೆ ನೀರು ಕುಡಿದ ಹಾಗೆ. ಇಂಗ್ಲಿಷ್ ಪದಗಳೇ ನನ್ನ ಕುತ್ತಿಗೆಗೆ ಬಂದದ್ದು. ದಿನಾ ಯಾರೂ ಆಡದ, ಪುಸ್ತಕದಲ್ಲಿ ಮಾತ್ರ ಕಾಣುವ ಪದಗಳು. ಮೊದಲನೇ ಸಲ ನೂರನಲವತ್ತೈದು ಬಂತು. ಎರಡನೇ ಸಲ ನೂರನಲವತ್ತೊಂಬತ್ತು. ಮೂರನೆಯದಕ್ಕೆ ನಲವತ್ತು ದಿನ ಇತ್ತು, ಅದರ ಮರುವಾರವೇ ಅರ್ಜಿಯ ಗಡುವು. ಅದೂ ಹೋದರೆ ಸೀಟು ಬೇರೆಯವರಿಗೆ, ನಾನು ಪುನಃ ಪೊರಕೆ ಡಬ್ಬಿ ಹಿಡಿದು ಎಣ್ಣೂರಿನ ತಾರಸಿಗೆ. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಆ ನಲವತ್ತು ದಿನ ಅದು ಮೂಗು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಓದುವಾಗ ನಿಮಗೆ ನಗು ಬಂದರೆ ನಗಿ, ನನಗಂತೂ ಆಗ ಬರಲಿಲ್ಲ.

ನಡು ಬೇಯದ ವಿದ್ಯೆ

ಮೊದಲ ಎರಡು ಸಲ ಯಾಕೆ ಬಿದ್ದೆ ಎಂದು ಹೇಳಿಬಿಡುತ್ತೇನೆ, ಮರ್ಯಾದೆ ಹೋದರೆ ಹೋಗಲಿ.

ಪದಗಳ ಒಂದು ದಪ್ಪ ಪುಸ್ತಕ ತಂದಿದ್ದೆ. ಎ ಅಕ್ಷರದಿಂದ ಝಡ್ ತನಕ ಸಾಲಾಗಿ ಪದ, ಪಕ್ಕದಲ್ಲಿ ಅರ್ಥ. ಮಣಲಿಯ ಬಸ್ಸಿನಲ್ಲಿ ಹೋಗುವಾಗ ಒಂದು ಪುಟ, ಬರುವಾಗ ಒಂದು ಪುಟ ಬಾಯಿಪಾಠ ಮಾಡುತ್ತಿದ್ದೆ. ಪರೀಕ್ಷೆಯ ಹೊತ್ತಿಗೆ ಡಿ ಅಕ್ಷರ ಮುಗಿದಿತ್ತು. ಎ, ಬಿ, ಸಿ, ಡಿಯಲ್ಲಿ ಎಲ್ಲಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಬಂದ ಪದಗಳಲ್ಲಿ ಮುಕ್ಕಾಲು ಪಾಲು ಆ ಅಕ್ಷರಗಳ ಗೋಜಿಗೇ ಹೋಗಿರಲಿಲ್ಲ.

ಎರಡನೇ ಸಲ ಹಠಕ್ಕೆ ಬಿದ್ದು ಪುಸ್ತಕವನ್ನು ಹಿಂದಿನಿಂದ ಶುರು ಮಾಡಿದೆ. ಝಡ್, ವೈ, ಡಬ್ಲ್ಯು. ಆರ್ ಅಕ್ಷರಕ್ಕೆ ತಲುಪುವಷ್ಟರಲ್ಲಿ ಪರೀಕ್ಷೆ ಬಂತು. ನಾಲ್ಕು ಅಂಕ ಹೆಚ್ಚಿತು, ಅಷ್ಟೇ. ಮನೆಗೆ ಬಂದು ಅಡಿಗೆಮನೆಯ ನೆಲದಲ್ಲಿ ಕೂತು ಅಮ್ಮನಿಗೆ ಎಲ್ಲ ಹೇಳಿದೆ. ಮೊದಲನೇ ಸಲ ಮುಂದಿನಿಂದ ಡಿ ತನಕ ಆಯ್ತು, ಎರಡನೇ ಸಲ ಹಿಂದಿನಿಂದ ಆರ್ ತನಕ ಆಯ್ತು, ಆದರೂ ಬರಲಿಲ್ಲ ಎಂದೆ.

ಅಮ್ಮ ದೋಸೆ ಮಗುಚುತ್ತ ಹೇಳಿದಳು: "ಅಂಚೆಲ್ಲ ಬೆಂದಿದೆ, ನಡು ಹಸಿ ಉಂಟು. ಕಾವಲಿ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರು ಮಾರಾಯ್ತಿ."

ಕಿವಿ ಕೆರೆದ ಕಟ್ಟು

ಮೂರನೇ ಸಲ ಪುಸ್ತಕ ಮೂಲೆಗೆ ಹಾಕಿ, ಪದಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದುಕೊಂಡೆ. ಒಂದು ಬದಿಯಲ್ಲಿ ಪದ, ಹಿಂದಿನ ಬದಿಯಲ್ಲಿ ಅರ್ಥ, ಎರಡೂ ಇಂಗ್ಲಿಷಿನಲ್ಲಿ. ಬಂದ ಪದಗಳದ್ದು ಒಂದು ಕಟ್ಟು, ಬಾರದ್ದು ಒಂದು ಕಟ್ಟು. ಬಾರದ್ದನ್ನು ಮರುದಿನವೇ ಓದಬೇಕು, ಬಂದದ್ದನ್ನು ನಾಲ್ಕು ದಿನ ಬಿಟ್ಟು ಓದಬೇಕು. ಹೀಗೆ ಮಾಡಿದರೆ ತಲೆಯಲ್ಲಿ ನಿಲ್ಲುತ್ತದೆ ಎಂದು ಲ್ಯಾಬಿನಲ್ಲಿ ಒಬ್ಬಳು ಹೇಳಿದ್ದಳು.

ಚೀಟಿ ಹಿಡಿದು ಕೇಳಲಿಕ್ಕೆ ಒಬ್ಬರು ಬೇಕಲ್ಲ. ಅಮ್ಮ ಕೂತಳು. ಅಮ್ಮನಿಗೆ ಕನ್ನಡ ಓದಲಿಕ್ಕೆ ಬರುತ್ತದೆ, ತಮಿಳು ಮಾತಾಡಲಿಕ್ಕೆ ಬರುತ್ತದೆ, ಇಂಗ್ಲಿಷಿನ ಒಂದು ಅಕ್ಷರವೂ ಗೊತ್ತಿಲ್ಲ. ಚೀಟಿಯನ್ನು ನನ್ನ ಮುಖಕ್ಕೆ ಹಿಡಿದು "ಇದು?" ಎನ್ನುತ್ತಾಳೆ. ನಾನು ಅರ್ಥ ಹೇಳುತ್ತೇನೆ. "ಬಂತಾ?" ಎಂದು ಕೇಳುತ್ತಾಳೆ. ಬಂತು ಎಂದರೆ ಬಂದ ಕಟ್ಟಿಗೆ ಹಾಕುತ್ತಾಳೆ.

ಇನ್ನು ಮೂವತ್ತನಾಲ್ಕೇ ದಿನ. ಬಾರದ ಕಟ್ಟು ದಿನಾ ದಪ್ಪ ಆಗುತ್ತಿತ್ತು. ಒಂದೆರಡು ಸಲ ಬಾರದ್ದಕ್ಕೂ ಬಂತು ಎಂದೆ. ಕಟ್ಟು ಸಪೂರ ಆಯ್ತು, ಮನಸ್ಸಿಗೆ ಹಿತ ಆಯ್ತು. ಮರುದಿನ ಇನ್ನೂ ನಾಲ್ಕಕ್ಕೆ ಹಾಗೇ ಹೇಳಿದೆ. ಚಟ ಹತ್ತಿತು.

ನಾಲ್ಕನೇ ದಿನ ನೋಡುತ್ತೇನೆ, ಅಮ್ಮನ ಎದುರಿಗೆ ಮೂರು ಕಟ್ಟು.

"ಇದೆಂತ ಮೂರನೆಯದು?"

"ಇದು ನೀನು ಬಂತು ಹೇಳಿ ಕಿವಿ ಕೆರೆದದ್ದು."

ನನಗೆ ಉರಿದುಹೋಯಿತು. ಚೆನ್ನೈಯ ಈ ಸೆಕೆಯಲ್ಲಿ ಬೆವರಿ ಕಿವಿ ತುರಿಸಿದರೆ ಅದೂ ಒಂದು ತಪ್ಪಾ ಎಂದು ಜೋರು ಮಾಡಿದೆ. ಮೂರನೇ ಕಟ್ಟನ್ನು ಕಿತ್ತುಕೊಂಡು ಒಂದೊಂದೇ ತಿರುಗಿಸಿ ಹಿಂದಿನ ಅರ್ಥ ನೋಡಿದೆ. ಹತ್ತೊಂಬತ್ತು ಚೀಟಿ ಇತ್ತು. ಹತ್ತೊಂಬತ್ತೂ ತಪ್ಪು. ನಿಜವಾಗಿ ಬರುತ್ತಿದ್ದ ಒಂದೇ ಒಂದು ಪದ ಅದರಲ್ಲಿ ತಪ್ಪಿ ಕೂಡ ಸೇರಿರಲಿಲ್ಲ.

"ಎರಡನೇ ಕ್ಲಾಸಲ್ಲಿ ಡಬ್ಬಿಯಿಂದ ಕೊಬ್ಬರಿ ಮಿಠಾಯಿ ತೆಗೆದಾಗ್ಲೂ ಅದೇ ಕಿವಿ," ಎಂದಳು ಅಮ್ಮ.

ಮರುದಿನ ನಾನು ಎರಡೂ ಕೈಯನ್ನು ತೊಡೆಯ ಅಡಿಗೆ ಹಾಕಿ ಗಟ್ಟಿಯಾಗಿ ಕೂತೆ. ಈಗ ಕಂಡುಹಿಡಿಯಲಿ ನೋಡುವ ಎಂದು. ಅಮ್ಮ ನನ್ನ ಕೈ ಎಲ್ಲಿದೆ ಎಂದು ಒಮ್ಮೆ ನೋಡಿದಳು. ಚೀಟಿ ಎತ್ತಲೇ ಇಲ್ಲ. ಇಡೀ ಕಟ್ಟನ್ನು ಹಾಗೇ ತೆಗೆದು ಮೂರನೇ ಜಾಗದಲ್ಲಿಟ್ಟು, ತೆಂಗಿನಕಾಯಿ ತುರಿಯಲಿಕ್ಕೆ ಎದ್ದು ಹೋದಳು.

ಮೌನಿಯ ಬಾಯಿ

ಚೀಟಿಯಿಂದ ಅಂಕ ಸ್ವಲ್ಪ ಏರಿತು. ಮನೆಯಲ್ಲೇ ಬರೆದು ನೋಡುವ ಮಾದರಿ ಪರೀಕ್ಷೆಯಲ್ಲಿ ನೂರೈವತ್ತೊಂದು ಬಂತು. ಆದರೆ ಒಂದು ಪದ ಇನ್ನೊಂದರ ಜೊತೆ ಕಲಸಿಹೋಗುತ್ತಿತ್ತು. ಇನ್ನೂ ನಾಲ್ಕು ಅಂಕ ಎಲ್ಲಿಂದ ತರುವುದು ಎಂದು ಒಂದು ಶನಿವಾರ ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಖಾಲಿ ಟೇಬಲ್ಲಿನಲ್ಲಿ ತಲೆ ಹಿಡಿದು ಕೂತಿದ್ದೆ.

ನಮ್ಮಲ್ಲಿ ಮೂವತ್ತು ವರ್ಷದಿಂದ ಇರುವ ಸಪ್ಲೈಯರ್ ಒಬ್ಬರಿದ್ದಾರೆ. ನಾವೆಲ್ಲ ಅಣ್ಣ ಎಂದು ಕರೆಯುವುದು. ಎಂಟು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ತಲೆಯಲ್ಲಿಟ್ಟುಕೊಂಡು ಅಡಿಗೆಮನೆಗೆ ಹೋಗಿ ಒಂದೇ ಉಸಿರಿಗೆ ಹೇಳುತ್ತಾರೆ. ಯಾರ ತಟ್ಟೆ ಯಾರಿಗೂ ಹೋದದ್ದಿಲ್ಲ. ಅದು ಹೇಗೆ ಎಂದು ಅವತ್ತು ಕೇಳಿದೆ.

"ನಾನು ದೋಸೆ ನೆನಪಿಟ್ಕೊಳ್ಳುದಿಲ್ಲ ತಂಗಿ," ಎಂದರು ಅಣ್ಣ, ಟೇಬಲ್ ಒರೆಸುತ್ತ. "ದೋಸೆ ಎಲ್ಲಾ ಒಂದೇ ನಮೂನೆ ಅಲ್ವಾ? ನಾನು ಮುಖ ನೆನಪಿಟ್ಕೊಳ್ಳುದು. ಆ ಗಡ್ಡಕ್ಕೆ ತುಪ್ಪ ದೋಸೆ, ಈ ಕನ್ನಡಕಕ್ಕೆ ಪೊಂಗಲ್. ಮುಖ ಕಂಡ್ರೆ ತಿಂಡಿ ತಾನಾಗಿ ಬರ್ತದೆ. ನೀವೂ ನಿಮ್ಮ ಇಂಗ್ಲಿಷನ್ನು ಯಾರ ಮುಖಕ್ಕಾದ್ರೂ ಕಟ್ಟಿ."

ಯಾವ ಪುಸ್ತಕದಲ್ಲೂ ಇಲ್ಲದ ಮಾತು. ಅಂದಿನಿಂದ ನಮ್ಮ ಗಿರಾಕಿಗಳಿಗೆ ಒಬ್ಬೊಬ್ಬರಿಗೆ ಒಂದು ಪದ ಹಂಚಿದೆ. ದಿನಾ ಬರುವವರಿಗೆ ತುಂಬಾ ಕಷ್ಟದ ಪದ, ವಾರಕ್ಕೊಮ್ಮೆ ಬರುವವರಿಗೆ ಅರ್ಧ ಗೊತ್ತಿದ್ದ ಪದ, ತಿಂಗಳಿಗೊಮ್ಮೆ ಬರುವವರಿಗೆ ಸುಲಭದ್ದು. ಅವರು ಬಂದಾಗಲೆಲ್ಲ ನನಗೆ ಪುನರಾವರ್ತನೆ. ಬೆಳಿಗ್ಗೆ ಬಸ್ಸಿಗೆ ಮೊದಲು ಅರ್ಧ ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ ಗಲ್ಲಾದ ಪಕ್ಕದಲ್ಲಿ ನಿಂತು ಬಂದವರ ಮುಖವನ್ನೇ ನೋಡುತ್ತಿದ್ದೆ. ಕೆಲವರು ಶರಟಿನಲ್ಲಿ ಸಾಂಬಾರು ಬಿದ್ದಿದೆಯಾ ಎಂದು ತಡವಿ ನೋಡಿಕೊಂಡರು.

ಆರನೇ ಟೇಬಲ್ಲಿಗೆ ಮಂಗಳವಾರ ಬೆಳಿಗ್ಗೆ ಒಬ್ಬ ನಟ್ಟು ಬೋಲ್ಟಿನ ವ್ಯಾಪಾರಿ ಬರುತ್ತಿದ್ದರು. ವರ್ಷಗಟ್ಟಲೆ ಅವರ ಬಾಯಿಂದ 'ಇಡ್ಲಿ', 'ಕಾಪಿ' ಎಂಬ ಎರಡು ಮಾತು ಬಿಟ್ಟು ಮೂರನೆಯದು ಬಂದದ್ದನ್ನು ಯಾರೂ ಕೇಳಿಲ್ಲ. ಅವರಿಗೆ 'ಟ್ಯಾಸಿಟರ್ನ್' ಕೊಟ್ಟೆ. ಮಾತು ಕಡಿಮೆಯವರು ಎಂದು ಅರ್ಥ. ಕಲ್ಲಿನಲ್ಲಿ ಕೆತ್ತಿದ ಹಾಗೆ ತಲೆಯಲ್ಲಿ ಕೂತಿತು.

ಪರೀಕ್ಷೆಗೆ ಹದಿನೆಂಟು ದಿನ ಇರುವಾಗ ಆ ಮನುಷ್ಯ ಒಂದು ಮಂಗಳವಾರ ಬಂದು ಕೂತವರೇ ಮಾತಾಡಲಿಕ್ಕೆ ಶುರು ಮಾಡಿದರು. ಮಗಳಿಗೆ ಹೆರಿಗೆಯಾಗಿದೆ, ಹೆಣ್ಣುಮಗು, ಮೂಗು ಅವರ ತಾಯಿಯದ್ದೇ ಅಂತೆ, ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತಂತೆ, ಮೂರು ಮಹಡಿ ಹತ್ತಿದರಂತೆ. ಐದನೇ ಟೇಬಲ್ಲಿಗೆ ಹೇಳಿದರು, ಏಳನೇ ಟೇಬಲ್ಲಿಗೆ ಹೇಳಿದರು, ಕೈ ತೊಳೆಯುವಲ್ಲಿ ಸಾಲು ನಿಂತವರಿಗೂ ಹೇಳಿದರು. ನಾನು ನೋಡುತ್ತಾ ನಿಂತೆ. ನನ್ನ ಪದ ನನ್ನ ಕಣ್ಣೆದುರೇ ಕರಗುತ್ತಾ ಇತ್ತು. ಒಳ್ಳೆಯ ಸುದ್ದಿ, ಸಂತೋಷ ಪಡಬೇಕು, ಗೊತ್ತುಂಟು. ಆದರೆ ಹದಿನೆಂಟೇ ದಿನ. ತಡೆಯಲಿಕ್ಕಾಗದೆ ಹತ್ತಿರ ಹೋಗಿ ತಮಿಳಿನಲ್ಲಿ ಹೇಳಿಯೇಬಿಟ್ಟೆ: "ಸಾರ್, ದಯವಿಟ್ಟು ಮಾತಾಡಬೇಡಿ. ನನಗೆ ಪರೀಕ್ಷೆ ಉಂಟು."

ಅವರು ಬಾಯಿ ಮುಚ್ಚಿದರು. ಅಪ್ಪಯ್ಯ ಗಲ್ಲಾದಿಂದ ನನ್ನ ಕಡೆ ಒಂದು ನೋಟ ನೋಡಿದರು, ಅಷ್ಟೇ. ನಾನು ಬ್ಯಾಗ್ ಹಿಡಿದು ಬಸ್ಸಿಗೆ ಓಡಿದೆ. ದಿನವಿಡೀ ನಾಚಿಕೆಯಾಗಿ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮುಂದಿನ ಮಂಗಳವಾರ ಅವರು ಬಂದಾಗ ಕ್ಷಮೆ ಕೇಳಬೇಕೆಂದು ಕಾದು ನಿಂತೆ. ಅವರು ನನ್ನನ್ನು ಕಂಡವರೇ ಗಾಬರಿಯಿಂದ ತುಟಿ ಬಿಗಿದರು. ಪಕ್ಕದ ಟೇಬಲ್ಲಿನ ಇಡ್ಲಿಯ ಕಡೆ ಬೆರಳು ತೋರಿಸಿ, ಲೋಟ ಎತ್ತಿದ ಹಾಗೆ ಕೈ ಸನ್ನೆ ಮಾಡಿದರು. ಇದ್ದ ಎರಡು ಮಾತೂ ನಿಂತಿತ್ತು. ಅಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ, "ತಂಗಿ, ಈಗ ನಿಮ್ಮ ಪದ ಪಕ್ಕಾ ಆಯ್ತು," ಎಂದರು.

ಮೂರನೇ ಟೇಬಲ್ಲಿನ ಸಾರ್

ಇದು ಹನ್ನೆರಡು ದಿನ ಇರುವಾಗಿನ ಮಾತು. ಇದರಲ್ಲಿ ನನ್ನ ಜೀವವೇ ಹೋಗಿಬಂತು.

ಮೂರನೇ ಟೇಬಲ್ಲಿಗೆ ಇಪ್ಪತ್ತು ವರ್ಷದಿಂದ ದಿನಾ ಸಂಜೆ ಬರುವ ಒಬ್ಬ ಹಿರಿಯರಿದ್ದಾರೆ. ನಾವು ಸಾರ್ ಎಂದೇ ಕರೆಯುವುದು. ಎರಡು ಇಡ್ಲಿಗೆ ಮೂರು ಸಲ ಸಾಂಬಾರು ಹಾಕಿಸಿಕೊಳ್ಳುತ್ತಾರೆ. ಕೈ ಒರೆಸುವ ಕಾಗದವನ್ನು ಎರಡು ಭಾಗ ಮಾಡಿ ಅರ್ಧವನ್ನು ಮರುದಿನಕ್ಕೆ ಕಿಸೆಯಲ್ಲಿಟ್ಟುಕೊಳ್ಳುತ್ತಾರೆ. ತಟ್ಟೆ ಎತ್ತಿದಾಗ ತೊಳೆದ ಹಾಗೆ ಇರುತ್ತದೆ. ಅವರಿಗೆ ನಾನು ಕೊಟ್ಟ ಪದ 'ಪಾರ್ಸಿಮೋನಿಯಸ್'. ಶುದ್ಧ ಜಿಪುಣ ಎಂದು ನನ್ನ ಲೆಕ್ಕ.

ಯಾವ ಟೇಬಲ್ಲಿಗೆ ಯಾವ ಪದ ಎಂಬ ಪಟ್ಟಿಯನ್ನು ಅಣ್ಣನ ಬಿಲ್ ಪುಸ್ತಕದ ಒಂದು ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಅವತ್ತು ಸಂಜೆ ಗಲಾಟೆಯಲ್ಲಿ ಅಣ್ಣ ಅದೇ ಹಾಳೆ ಹರಿದು, ಮುಂಬದಿಯಲ್ಲಿ ಬಿಲ್ ಬರೆದು, ಸಾರ್ ಅವರ ಲೋಟದ ಅಡಿಗೆ ಇಟ್ಟುಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಗಲ್ಲಾದಲ್ಲಿ ಬಿಟ್ಟು ಹೋಗುತ್ತಿದ್ದರು. ಸಾರ್ ಖಾಲಿ ಬದಿ ಇರುವ ಕಾಗದವನ್ನು ಎಲ್ಲೂ ಬಿಡುವವರಲ್ಲ. ಹಿಂಬದಿ ಖಾಲಿ ಇರಬೇಕು, ಬರೆಯಲಿಕ್ಕೆ ಆಗುತ್ತದೆ ಎಂದು ತಿರುಗಿಸಿ ನೋಡದೆ ಮಡಚಿ ಕಿಸೆಗೆ ಹಾಕಿಕೊಂಡು ಹೋದರು.

ನಾವು ಪಟ್ಟಿ ಎಲ್ಲಿ ಎಂದು ಹುಡುಕುವಾಗ ಅಣ್ಣನಿಗೆ ಹೊಳೆಯಿತು.

ಮರುದಿನ ಮೂರನೇ ಟೇಬಲ್ ಖಾಲಿ. ಅದರ ಮರುದಿನವೂ ಖಾಲಿ. ಇಪ್ಪತ್ತು ವರ್ಷದಲ್ಲಿ ಚಂಡಮಾರುತದ ದಿನ ಬಿಟ್ಟರೆ ಅವರು ತಪ್ಪಿಸಿದ್ದಿಲ್ಲ. ನನಗೆ ಅನ್ನ ಇಳಿಯಲಿಲ್ಲ. ಚೀಟಿ ಹಿಡಿದರೆ ಅಕ್ಷರ ಕಾಣುವುದಿಲ್ಲ. ಅಪ್ಪಯ್ಯ, "ಮೂರನೇ ಟೇಬಲ್ಲಿನವರಿಗೆ ಹುಷಾರಿಲ್ವಾ?" ಎಂದು ಕೇಳಿದಾಗ ನಿಜ ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. "ನಾಳೆ ಮನೆ ಹುಡುಕಿ ಹೋಗು. ಕಾಲು ಹಿಡಿ," ಎಂದರು.

ಹೋಗುವುದಕ್ಕೆ ಮೊದಲೇ ಮೂರನೇ ದಿನ ಅವರೇ ಬಂದರು. ಕೈಯಲ್ಲಿ ಬಟ್ಟೆಚೀಲ. ಕೂತರು, ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ನಿಘಂಟು ತೆಗೆದು ಟೇಬಲ್ಲಿನ ಮೇಲಿಟ್ಟರು, ಅದರ ಮೇಲೆ ನನ್ನ ಪಟ್ಟಿ ಇಟ್ಟರು. "ಇಂಗೆ ವಾಮ್ಮಾ," ಎಂದು ಕರೆದರು. ಹೋಗಿ ನಿಂತೆ.

"ಇದು ಬರೆದದ್ದು ನೀನಾ?" ತಮಿಳಿನಲ್ಲೇ ಕೇಳಿದರು.

"ಹೌದು ಸಾರ್."

"ತಪ್ಪು."

"ದೊಡ್ಡ ತಪ್ಪಾಯ್ತು ಸಾರ್. ನಾನು ಹಾಗೆ..."

"ನೀನು ಮಾಡಿದ್ದು ತಪ್ಪು ಅಂತ ಹೇಳ್ತಾ ಇಲ್ಲ. ಪದ ತಪ್ಪು," ಎಂದರು. "ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಪಾರ್ಸಿಮೋನಿಯಸ್ ಅಂದರೆ ಕೊಡಬೇಕಾದ ಕಡೆಯೂ ಕೊಡದೆ ಹಿಡಿದಿಡುವವನು. ಅದು ಬೈಗುಳ. ನಾನು ಫ್ರೂಗಲ್. ಇದ್ದದ್ದನ್ನು ಹಾಳು ಮಾಡದವನು. ಅದು ಹೊಗಳಿಕೆ. ನೀನು ಎರಡಕ್ಕೂ 'ಖರ್ಚು ಕಡಿಮೆ' ಅಂತ ಒಂದೇ ಅರ್ಥ ಉರು ಹೊಡೆದಿದ್ದೀಯ. ಪರೀಕ್ಷೆಯವರು ಎರಡನ್ನೂ ಅಕ್ಕಪಕ್ಕ ಇಟ್ಟು ನಿನ್ನನ್ನು ಬೀಳಿಸುವುದು ಅಲ್ಲೇ. ಎಷ್ಟು ಸಲ ಬಿದ್ದೆ?"

"ಎರಡು ಸಲ ಸಾರ್."

"ಬೀಳದೆ ಏನು. ಪದದ ಅರ್ಥ ಗೊತ್ತಿದ್ದರೆ ಸಾಲದು ಮಾ. ಅದನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಿದರೆ ಏಟು ಬೀಳುತ್ತದೆ ಅಂತ ಗೊತ್ತಿರಬೇಕು. ಕೂತ್ಕೋ."

ಕೂತೆ. ಎರಡು ದಿನ ಅವರು ಬಾರದೆ ಇದ್ದದ್ದು ಸಿಟ್ಟಿನಿಂದಲ್ಲವಂತೆ. ನನ್ನ ಪಟ್ಟಿಯ ಪ್ರತಿ ಪದಕ್ಕೂ ಮೂರು ಮೂರು ವಾಕ್ಯ ಬರೆಯುತ್ತಾ ಮನೆಯಲ್ಲಿ ಕೂತಿದ್ದರಂತೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತಂದಿದ್ದರು. ಅಂದಿನಿಂದ ದಿನಾ ಸಂಜೆ ಮೂರನೇ ಟೇಬಲ್ಲಿನಲ್ಲಿ ಪಾಠ. ಪದ ಅವರದ್ದು, ವಾಕ್ಯ ನನ್ನದು. ತಪ್ಪಿದರೆ ಚಮಚದಲ್ಲಿ ಟೇಬಲ್ ಕುಟ್ಟುತ್ತಿದ್ದರು. ಎಣ್ಣೂರಿನ ಬೂದಿಯ ಮೇಲೆ, ನಮ್ಮ ಬಾಸಿನ ಮೇಲೆ, ಮಣಲಿ ಬಸ್ಸಿನ ಮೇಲೆ ವಾಕ್ಯ ಕಟ್ಟಿ ಕಟ್ಟಿ ಐದನೇ ದಿನದ ಮಾದರಿ ಪರೀಕ್ಷೆಯಲ್ಲಿ ನೂರೈವತ್ತನಾಲ್ಕು ಬಂತು. ನನಗೆ ಅಳುವೇ ಬಂತು.

ಆ ಮೊದಲನೇ ದಿನ ಹೊರಡುವಾಗ ಸಾರ್ ನಿಘಂಟನ್ನು ಚೀಲಕ್ಕೆ ಹಾಕಿ, ಐದನೇ ಟೇಬಲ್ಲಿನಲ್ಲಿ ಜೊತೆಯವನ ವಡೆಯನ್ನೂ ತಾನೇ ತಿನ್ನುತ್ತಿದ್ದ ಒಬ್ಬರ ಕಡೆ ಕಣ್ಣು ಹಾಯಿಸಿ, ನನ್ನ ಕಿವಿಯ ಹತ್ತಿರ ಬಗ್ಗಿದರು. "ನನಗೆ ಕೊಟ್ಟಿದ್ದ ಪದವನ್ನು ಬಿಸಾಡಬೇಡ. ಅಲ್ಲಿಗೆ ಇಡು. ಒಳ್ಳೇ ಪದ, ಹಾಳು ಮಾಡಬಾರದು."

ಎಲ್ಲರಿಗೂ ಒಂದೇ

ಸಾರ್ ಬಾಯಿಂದ ಸುದ್ದಿ ಹಬ್ಬಿತು. ನನಗೆ ಒಂದೊಂದು ನಿಮಿಷವೂ ಚಿನ್ನ, ಏಳು ದಿನ ಉಳಿದಿತ್ತು. ಗಿರಾಕಿಗಳೆಲ್ಲ ಕಾಫಿ ಮುಟ್ಟದೆ, "ನನ್ನದು ಯಾವ ಪದ ಮಾ?" ಎಂದು ಕೇಳತೊಡಗಿದರು. ನಿಜ ಹೇಳುವ ಹಾಗಿಲ್ಲ. ಹೈಕೋರ್ಟಿನ ಒಬ್ಬ ವಕೀಲರಿಗೆ ನಾನು ಕೊಟ್ಟದ್ದು 'ಊರಿಗೆಲ್ಲ ಬೇಸರ ಹಿಡಿಸುವವನು' ಎಂಬ ಅರ್ಥದ ಪದ. ಅದಕ್ಕೆ ಕೇಳಿದವರಿಗೆಲ್ಲ 'ಬೆನೆವಲೆಂಟ್' ಎಂದೆ. ದಯಾವಂತ ಎಂದು ಅರ್ಥ. ಎಲ್ಲರೂ ಖುಷಿಯಾಗಿ ಹೋದರು.

ಎರಡೇ ದಿನ ನಡೆಯಿತು ಈ ಆಟ. ಮೂರನೇ ದಿನ ವಕೀಲರೂ ಐದನೇ ಟೇಬಲ್ಲಿನ ವಡೆಯವರೂ ಕೈ ತೊಳೆಯುವಲ್ಲಿ ಒಬ್ಬರಿಗೊಬ್ಬರು ತಮ್ಮ ಪದ ಹೇಳಿಕೊಂಡರು. ಇಬ್ಬರೂ ಒಟ್ಟಿಗೆ ನನ್ನ ಹತ್ತಿರ ಬಂದರು.

"ಇವನಿಗೂ ಅದೇ ಪದವಾ?" ಎಂದು ಕೇಳಿದರು ವಕೀಲರು. "ಹಾಗಾದರೆ ನನ್ನದು ವಾಪಸ್ ತಗೋ."

ಅಪ್ಪಯ್ಯನಿಗೆ ಕೊಟ್ಟ ಪದ

ಒಂದು ಪದವನ್ನು ಮಾತ್ರ ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅದು ಅಪ್ಪಯ್ಯನದ್ದು.

ಅಪ್ಪಯ್ಯನ ಮುಖದಲ್ಲಿ ಏನೂ ಕಾಣುವುದಿಲ್ಲ. ಒಮ್ಮೆ ಅಡಿಗೆಮನೆಯ ಹೊಗೆಕೊಳವೆಗೆ ಬೆಂಕಿ ಹಿಡಿದು ಎಲ್ಲರೂ ಕೂಗಾಡುವಾಗ ಅವರು ಗಲ್ಲಾದಿಂದ ಏಳದೆ, "ಎಲೆ ಹಿಡ್ಕೊಂಡು ಹೊರಗೆ ಹೋಗಿ, ಊಟ ಅರ್ಧಕ್ಕೆ ಬಿಡ್ಬೇಡಿ," ಎಂದವರು. ನಾನು ಎರಡು ಸಲ ಬಿದ್ದು ಬಂದಾಗಲೂ ಅವರು ಕೇಳಿದ್ದು "ಊಟ ಆಯ್ತಾ?" ಎಂದು ಮಾತ್ರ. ನನಗೆ ಅದರಿಂದ ಒಳಗೊಳಗೇ ನೋವಾಗಿತ್ತು. ಇವರಿಗೆ ನಾನು ಬಿದ್ದರೂ ಒಂದೇ, ಎದ್ದರೂ ಒಂದೇ ಎಂದು. ಆ ಸಿಟ್ಟಿನಲ್ಲೇ ಅವರಿಗೆ 'ಫ್ಲೆಗ್ಮ್ಯಾಟಿಕ್' ಎಂಬ ಪದ ಕಟ್ಟಿದ್ದೆ. ಯಾವುದಕ್ಕೂ ಅಲುಗದವನು, ಭಾವನೆ ತೋರಿಸದವನು ಎಂದು ಅರ್ಥ. ನನ್ನ ಎಲ್ಲ ಪದಗಳಲ್ಲಿ ತೀರಾ ಗಟ್ಟಿಯಾದದ್ದು ಅದೇ. ಪುನಃ ಓದಬೇಕೆಂದೇ ಇರಲಿಲ್ಲ, ಗಲ್ಲಾದ ಕಡೆ ನೋಡಿದರೆ ಸಾಕು.

ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪಯ್ಯ, "ನಡಿ, ನಾನೇ ಬಿಡ್ತೇನೆ," ಎಂದು ಸ್ಕೂಟರಿನ ಕೀಲಿಕೈ ತೆಗೆದುಕೊಂಡರು. ತಿಂಡಿಯ ಹೊತ್ತಿನಲ್ಲಿ ಅವರು ಗಲ್ಲಾ ಬಿಟ್ಟದ್ದು ನಾನು ಕಂಡದ್ದೇ ಇಲ್ಲ. ಅಮ್ಮ ಬಂದು ಗಲ್ಲಾದಲ್ಲಿ ಕೂತಳು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ವಾಚು, ಫೋನು ಅವರ ಕೈಗೆ ಕೊಟ್ಟು ಒಳಗೆ ನಡೆದೆ. ಹತ್ತು ಹೆಜ್ಜೆ ಹೋಗಿ ಯಾಕೋ ತಿರುಗಿ ನೋಡಿದೆ.

ಅಪ್ಪಯ್ಯ ರಸ್ತೆಯ ಬದಿಯಲ್ಲಿ ಸ್ಕೂಟರಿಗೆ ಒರಗಿ ನಿಂತು, ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದರು. ಸುಮ್ಮನೆ ಕಣ್ಣು ಒರೆಸಿಕೊಳ್ಳುವುದಲ್ಲ, ಭುಜವೆಲ್ಲ ಕುಲುಕುತ್ತಿತ್ತು. ಸೆಕ್ಯೂರಿಟಿಯವನು ಓಡಿಹೋಗಿ, "ಎನ್ನ ಸಾರ್, ಯಾರಾದರೂ ತೀರಿಹೋದ್ರಾ?" ಎಂದು ಕೇಳಿದ್ದು ನನಗೂ ಕೇಳಿಸಿತು. ಅಪ್ಪಯ್ಯ ಬೈರಾಸಿನೊಳಗಿಂದಲೇ, "ಇಲ್ಲ, ಇಂಗ್ಲಿಷ್ ಪರೀಕ್ಷೆ," ಎಂದರು.

ವಾಪಸ್ ಹೋಗುವ ಹಾಗಿಲ್ಲ, ಒಳಗೆ ನನ್ನ ಹೆಸರು ಕರೆಯುತ್ತಿದ್ದರು. ಅದೇ ಮುಖ ತಲೆಯಲ್ಲಿ ತುಂಬಿಕೊಂಡು ಹೋಗಿ ಕಂಪ್ಯೂಟರಿನ ಎದುರಿಗೆ ಕೂತೆ.

ಶುರು ಚೆನ್ನಾಗಿಯೇ ಆಯಿತು. ಪದ ಬಂದ ಹಾಗೆ ಮುಖ ಬಂತು, ಮುಖದ ಹಿಂದೆ ಅರ್ಥ ಬಂತು. ಫ್ರೂಗಲ್ ಬಂತು, ಸಾರ್ ಬಂದು ಚಮಚ ಕುಟ್ಟಿದರು. ಎರಡನೇ ಭಾಗದ ನಡುವಿನಲ್ಲಿ ಒಂದು ವಾಕ್ಯ. ಸುದ್ದಿ ಕೇಳಿ ಅವನು ಕುಸಿದುಬೀಳುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು, ಆದರೆ ಅವನು ಹೀಗೆಯೇ ಉಳಿದ ಎಂದು ಒಂದು ಖಾಲಿ ಜಾಗ. ಕೊಟ್ಟ ಆರು ಪದಗಳಲ್ಲಿ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು. ಒಂದು ಸುಲಭದ್ದು, ಒತ್ತಿದೆ. ಇನ್ನೊಂದನ್ನು ಹುಡುಕುವಾಗ ಕೆಳಗಿನಿಂದ ಎರಡನೆಯದಾಗಿ ಕೂತಿತ್ತು, ಫ್ಲೆಗ್ಮ್ಯಾಟಿಕ್.

ನೋಡಿದ ಕೂಡಲೇ ಅಪ್ಪಯ್ಯನ ಮುಖ ಬಂತು. ಬೈರಾಸು ಒತ್ತಿಕೊಂಡು ಅಳುವ ಮುಖ.

ಗಲ್ಲಾದ ಮುಖ ತರಲಿಕ್ಕೆ ನೋಡಿದೆ, ಬರಲಿಲ್ಲ. ಬೆಂಕಿ ಹಿಡಿದ ದಿನದ ಮುಖ ತರಲಿಕ್ಕೆ ನೋಡಿದೆ, ಅದೂ ಅಳುತ್ತಾ ಬಂತು. ಮೇಲೆ ಮೂಲೆಯಲ್ಲಿ ಸಮಯ ಇಳಿಯುತ್ತಾ ಇತ್ತು. ಇಷ್ಟು ದಿನ ಗಟ್ಟಿಯಾಗಿ ಕೂತಿದ್ದ ಅರ್ಥವೆಲ್ಲ ಬದಿಗೆ ಹೋಗಿ, ಈ ಪದ ಅಳುವವರದ್ದು, ಇದು ಖಂಡಿತ ಅಲ್ಲ ಎಂದು ಕೈ ತಾನಾಗಿ ಬೇರೊಂದು ಪದಕ್ಕೆ ಹೋಗಿ ಒತ್ತಿತು. ಮುಂದಿನ ಪ್ರಶ್ನೆಗೆ ಹೋದ ಮೇಲೆ ನನಗೂ ಅಳು ಬಂತು. ಮೇಲ್ವಿಚಾರಕಿ ಒಬ್ಬಳು ಬಂದು ಮಾತಿಲ್ಲದೆ ಒಂದು ಕಾಗದದ ಕರವಸ್ತ್ರ ಇಟ್ಟು ಹೋದಳು.

ಎಲ್ಲ ಮುಗಿದ ಮೇಲೆ ಪರದೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಈ ಅಂಕವನ್ನು ಇಟ್ಟುಕೊಳ್ಳಬೇಕಾ, ರದ್ದು ಮಾಡಬೇಕಾ ಎಂದು. ಅಂಕ ಎಷ್ಟೆಂದು ತೋರಿಸುವುದಿಲ್ಲ, ಮೊದಲು ನಾವು ಹೇಳಬೇಕು. ಕಣ್ಣು ಮುಚ್ಚಿ ಇಟ್ಟುಕೊಳ್ಳಬೇಕು ಎಂದು ಒತ್ತಿದೆ. ಕಣ್ಣು ತೆರೆದಾಗ ನೂರೈವತ್ತೈದು ಇತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮೂರು ಸಲ ಓದಿದೆ. ಇನ್ನೊಂದೆರಡು ಅಂಥ ಪ್ರಶ್ನೆ ಹೋಗಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹೊರಗೆ ಬಂದರೆ ಅಪ್ಪಯ್ಯ ಅದೇ ಜಾಗದಲ್ಲಿ, ಆ ಬಿಸಿಲಿನಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತಿನಿಂದ ನಿಂತಿದ್ದರು. ಮುಖ ಮೊದಲಿನ ಹಾಗೆ ಕಲ್ಲಾಗಿತ್ತು. ನನ್ನನ್ನು ಕಂಡು, "ಊಟ ಆಯ್ತಾ?" ಎಂದು ಕೇಳಿದರು. ಪರೀಕ್ಷಾ ಕೇಂದ್ರದೊಳಗೆ ಯಾರು ಊಟ ಹಾಕುತ್ತಾರೆ ಎಂದು ಅವರಿಗೂ ಹೊಳೆಯಲಿಲ್ಲ.

ನೂರೈವತ್ತೈದು ಬಂತು ಎಂದೆ. ಸಾಕಾಗ್ತದಾ ಎಂದು ಕೇಳಿದರು. ಸಾಕು, ಸೀಟು ಸಿಗ್ತದೆ ಎಂದೆ. "ಹೂಂ," ಎಂದು ವಾಚನ್ನೂ ಫೋನನ್ನೂ ನನ್ನ ಕೈಗೆ ಕೊಟ್ಟರು. ವಾಚಿನ ಪಟ್ಟಿ ಅವರ ಬೆವರಿಗೆ ಒದ್ದೆಯಾಗಿತ್ತು.

ನನಗೆ ತಡೆಯಲಿಲ್ಲ. ನಡುರಸ್ತೆಯಲ್ಲೇ ರೇಗಿದೆ. "ಅಪ್ಪಯ್ಯ, ಇಪ್ಪತ್ತೊಂಬತ್ತು ವರ್ಷ ನಿಮ್ಮ ಕಣ್ಣಲ್ಲಿ ಒಂದು ಹನಿ ನೀರು ನಾನು ಕಂಡದ್ದಿಲ್ಲ. ಇವತ್ತೇ ಅಳ್ಬೇಕಿತ್ತಾ? ಪರೀಕ್ಷೆ ಮುಗಿದ ಮೇಲೆ ಅಳ್ಲಿಕ್ಕಾಗ್ತಿರ್ಲಿಲ್ವಾ?" ಎಂದು, ಅವರಿಗೆ ಕಟ್ಟಿದ ಪದ ಯಾವುದು, ಅದರ ಅರ್ಥ ಏನು, ಅದು ಒಳಗೆ ಹೇಗೆ ಕೈ ಕೊಟ್ಟಿತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ನನ್ನ ಸಿಟ್ಟು ಇಳಿಯಿತು. ಆ ಪದವನ್ನು ಅವರಿಗೆ ಕಟ್ಟಿದ್ದೇ ನನ್ನ ತಪ್ಪು ಎಂದು ಅನ್ನಿಸಿತು.

ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡರು. ಸ್ಕೂಟರ್ ಸ್ಟಾರ್ಟ್ ಮಾಡಿದರು, ನಾನು ಹಿಂದೆ ಕೂತೆ. ಸ್ವಲ್ಪ ದೂರ ಹೋದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ತಿರುಗದೆಯೇ ಕೇಳಿದರು.

"ನಾನು ಒಂದು ಸಲ ಅತ್ತದ್ದಕ್ಕೆ ಒಂದು ಪ್ರಶ್ನೆ ಹೋಯ್ತಾ?"

"ಹೋಯ್ತು."

ಸಿಗ್ನಲ್ ಹಸಿರಾಯಿತು. ಅವರು ಸ್ಕೂಟರ್ ಮುಂದೆ ಬಿಡುತ್ತಾ ಹೇಳಿದರು: "ಹಾಗಾದ್ರೆ ಏರ್‌ಪೋರ್ಟಿಗೆ ಅಮ್ಮನನ್ನು ಕರ್ಕೊಂಡು ಹೋಗು. ನಾನು ಬಂದ್ರೆ ಇಡೀ ಡಿಗ್ರಿಯೇ ಹೋಗ್ತದೆ."